ಮುಳುಗಿದವರ ಪಟ್ಟಿ

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಘನ ಸರ್ಕಾರವು ಹನೂರು ಸೀಮೆಯ ಹಳ್ಳದಕೊಪ್ಪಲಿಗೆ ಒಂದು ಅಣೆಕಟ್ಟನ್ನೂ ನಲವತ್ತು ಹೆಂಚಿನ ಮನೆಗಳನ್ನೂ ದಯಪಾಲಿಸಿತು. ಅಣೆಯಿಂದ ಮನೆ ಮುಳುಗುವವರಿಗೆ ಮಾತ್ರ ಹೊಸ ಮನೆ ಎಂಬುದು ನಿಯಮ. ಊರಲ್ಲಿ ಅಣೆ ಬೇಕೆನ್ನುವ ಸಂಘವೊಂದು, ಬೇಡವೆನ್ನುವ ಸಂಘವೊಂದು ಇದ್ದವು. ಕುರ್ಚಿ ಇದ್ದದ್ದು ಜಮೀನ್ದಾರ ಕೆಂಪನಂಜಪ್ಪನವರ ಮನೆಯಲ್ಲಿ ಮಾತ್ರವಾದ್ದರಿಂದ ಎರಡಕ್ಕೂ ಅವರೇ ಅಧ್ಯಕ್ಷರು.

ಗುಮಾಸ್ತ ಗೋವಿಂದಯ್ಯ ಪಟ್ಟಿ ಬರೆಯಲು ಬಂದಾಗ ಕೂಲಿಯ ಚಿಕ್ಕನಿಂಗಮ್ಮ ದೀಪ ಹಚ್ಚುತ್ತಿದ್ದಳು. ಗುಡಿಸಲು ಹಳ್ಳದ ಅಂಚಿನಲ್ಲೇ ಇತ್ತು.

"ನಿನ್ನ ಮನೆ ಮುಳುಗ್ತದಾ?"

"ಬಿಡ್ತು ಅನ್ನಿ ಸಾ. ದೀಪ ಅಚ್ಚೋ ಒತ್ನಲ್ಲಿ ಅದೇನ್ ಮಾತು? ಮಾದಪ್ಪ ಅವ್ನೆ, ನನ್ ಮನೆ ಯಾವತ್ತೂ ಮುಳುಗಕಿಲ್ಲ."

ಗೋವಿಂದಯ್ಯ 'ಮುಳುಗುವುದಿಲ್ಲ' ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ.

ದಿಬ್ಬದ ನೆತ್ತಿಯ ಮೇಲಿದ್ದ ತಮ್ಮ ಮನೆಯ ಜಗಲಿಯಲ್ಲಿ ಕೆಂಪನಂಜಪ್ಪನವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಮಗ ಕೊಳ್ಳೇಗಾಲದಲ್ಲಿ ಯಾರಿಗೂ ಹೇಳದೆ ಮದುವೆಯಾಗಿ ಬಂದಿದ್ದ. ಕೇಳುವುದಕ್ಕೆ ಮುಂಚೆಯೇ, "ಮುಳುಗೋಯ್ತು ಕಣ್ರಿ ನಮ್ಮನೆ, ಬುಡಸಮೇತ ಮುಳುಗೋಯ್ತು" ಅಂದರು. ಬುಡಸಮೇತ ಎಂದದ್ದರಿಂದ ಅವರಿಗೆ ಎರಡು ಮನೆ ಮಂಜೂರಾದವು.

ಅಣೆ ತುಂಬಿತು. ಚಿಕ್ಕನಿಂಗಮ್ಮನ ಮಡಕೆಗಳು ತೇಲಿಕೊಂಡು ಹೋದವು. ಅವಳು ಉಳಿದ ಒಂದು ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಆಫೀಸಿಗೆ ಬಂದಳು. ಗೋವಿಂದಯ್ಯ ಹೆಬ್ಬೆಟ್ಟಿನ ಗುರುತು ತೋರಿಸಿದ.

"ದಾಖಲೆ ಪ್ರಕಾರ ನಿನ್ನ ಮನೆ ಒಣಗೇ ಅದೆ ಕಣಮ್ಮ."

"ಸೀರೆ ಇಂಡಿ ತೋರುಸ್ಲಾ ಸಾ?"

"ಅದು ಸೀರೆ. ಕಾಲಂ ಇರೋದು ಮನೆಗೆ."

ಅವಳು ಬಗ್ಗಿ ಒಂದು ಹಿಡಿ ಮಣ್ಣು ತೂರಿ, "ನಿನ್ ಮನೆ ಮುಳುಗೋಗ" ಅಂದಳು.

ಗೋವಿಂದಯ್ಯ ಕನ್ನಡಕ ಒರೆಸಿಕೊಂಡು ಸ್ವಲ್ಪ ಯೋಚಿಸಿದ. ಆಮೇಲೆ 'ಸ್ಥಳೀಯ ನಿವಾಸಿಯ ಮೌಖಿಕ ಹೇಳಿಕೆಯ ಮೇರೆಗೆ' ಎಂದು ತನ್ನ ಹೆಸರನ್ನೂ ಪಟ್ಟಿಗೆ ಸೇರಿಸಿದ. ಅವನ ಮನೆ ಕೊಳ್ಳೇಗಾಲದಲ್ಲಿತ್ತು.

ಮಾರನೇ ದಿನ ಅವಳು ಕೂತಿದ್ದ ಹೊಂಗೆಮರದ ಕೆಳಗೆ ಶಾಪ ಹಾಕಿಸಿಕೊಳ್ಳುವವರ ಸಾಲು ನಿಂತಿತು. ಬೇಕು ಸಂಘದವರೂ ಬೇಡ ಸಂಘದವರೂ ಅಕ್ಕಪಕ್ಕದಲ್ಲೇ ನಿಂತು ಎಲೆಅಡಿಕೆ ಹಂಚಿಕೊಂಡರು. ಹೊಟ್ಟೆ ಉರಿಯುತ್ತಿದ್ದುದರಿಂದ ಅವಳಿಗೆ ಶಾಪ ಸಲೀಸಾಗಿ ಬರುತ್ತಿತ್ತು. ಮರೆತು ಒಬ್ಬನಿಗೆ "ಚೆನ್ನಾಗಿರಪ್ಪ" ಅಂದಾಗ ಅವನು ಮೇಲಧಿಕಾರಿಗೆ ದೂರು ಬರೆದ. ಕೂಡಲೇ ಸುತ್ತೋಲೆ ಬಂತು: ಶಾಪವು ಸ್ಪಷ್ಟವಾಗಿರತಕ್ಕದ್ದು, ತಂದೆಯ ಹೆಸರು ಸೇರಿರತಕ್ಕದ್ದು, ತನಗೆ ತಾನೇ ಹಾಕಿಕೊಂಡ ಶಾಪವು ಊರ್ಜಿತವಲ್ಲ.

ಕೊನೆಗೆ ನಲವತ್ತರಲ್ಲಿ ಹಂಚದೆ ಒಂದೇ ಮನೆ ಉಳಿಯಿತು. ಚಿಕ್ಕನಿಂಗಮ್ಮ ಎದ್ದು ನಿಂತು ಎಲ್ಲರಿಗೂ ಕೈ ಮುಗಿದಳು.

"ಯಾರಾದ್ರೂ ನಂಗೂ ಒಂದು ಮಾತು ಅನ್ರಪ್ಪ."

ಅದುವರೆಗೆ 'ಲೇ ನಿಂಗಿ' ಎನ್ನುತ್ತಿದ್ದ ಕೆಂಪನಂಜಪ್ಪನವರೇ ಮುಂದೆ ಬಂದರು. ಅವರ ಕಣ್ಣು ಒದ್ದೆಯಾಗಿತ್ತು.

"ಬಿಡ್ತು ಅನ್ನವ್ವ. ಊರಿಗೆಲ್ಲ ಉಪಕಾರ ಮಾಡ್ದೋಳಿಗೆ ಅಂಥ ಮಾತು ಅಂದ್ರೆ ನಾಲಗೆ ಸೇದೋದಾತು. ನಿನ್ ಮನೆ ತಣ್ಣಗಿರ್ಲಿ."

ಎರಡೂ ಸಂಘದವರು ಚಪ್ಪಾಳೆ ತಟ್ಟಿದರು. ಗೋವಿಂದಯ್ಯ ಅವಳ ಗುಡಿಸಲಿದ್ದ ಜಾಗದಲ್ಲಿ ನಿಂತಿದ್ದ ಎರಡಾಳುದ್ದದ ನೀರಿನ ಕಡೆಗೊಮ್ಮೆ ನೋಡಿ, 'ತಣ್ಣಗಿದೆ' ಎಂದು ಬರೆದುಕೊಂಡ.