ಮಾಮಾನ ಚಾಕುವಿನ ಹೊಳಪು

ಹೆಚ್ಚಲು ಬಾರದ ಚಾಕು ಮಾಡುವುದರಲ್ಲಿ ನನ್ನ ಸೋದರಮಾವನನ್ನು ಮೀರಿಸುವವರು ಇಡೀ ಗದಗ-ಬೆಟಗೇರಿಯಲ್ಲಿ ಇರಲಿಲ್ಲ. ಹರಿತವಿರಲಿಲ್ಲವೆಂದಲ್ಲ, ಮುಟ್ಟಗೊಡುತ್ತಿರಲಿಲ್ಲ! ಕಚೇರಿಯಿಂದ ಬಂದ ಈ ಕಾರಕೂನ ಮಾಮಾ ಅಂಗಿ ಕಳಚಿ, ಹಳೆ ಗರಗಸದ ಪಟ್ಟಿಯಿಂದ ತಾನೇ ಮಾಡಿದ ಚಾಕು ಹಿಡಿದು ಉಜ್ಜಲು ಕುಳಿತನೆಂದರೆ ಮುಗಿಯಿತು. ಅರದಿಂದ ಉಜ್ಜಿದ ಗೆರೆ ಹೋಗಲು ಒರಟು ಕಲ್ಲು, ಆ ಕಲ್ಲಿನ ಗೆರೆ ಹೋಗಲು ನುಣುಪು ಕಲ್ಲು, ಆಮೇಲೆ ಎಣ್ಣೆಯಲ್ಲಿ ಕಲಸಿದ ಇಟ್ಟಂಗಿ ಪುಡಿ, ಕೊನೆಗೆ ತೊಗಲು. ಕೂದಲೆಳೆಯಷ್ಟು ಗೆರೆ ಉಳಿದರೂ ಮತ್ತೆ ಒರಟು ಕಲ್ಲಿನಿಂದ ಶುರು. ಒಂದು ಚಾಕುವಿಗೆ ಎರಡು ತಿಂಗಳು!

"ಬದನಿಕಾಯಿ ಹೆಚ್ಚಾಕರ ಕೊಡ್ರಿ," ಎಂದು ಮಾಮಿ ಕೇಳುತ್ತಿದ್ದಳು.

"ಗೆರಿ ಬೀಳ್ತಾವ."

"ಹಂಗಾರ ಯಾಕ ಮಾಡೀರಿ ಇದನ್ನ?"

"ನೋಡಾಕ."

ಮಾಮಿ ಅದರಲ್ಲೇ ಮುಖ ನೋಡಿ ಕುಂಕುಮ ತಿದ್ದಿಕೊಂಡು, ಈಳಿಗೆಯ ಮುಂದೆ ಕೂಡುತ್ತಿದ್ದಳು.

ಸ್ವಾತಂತ್ರ್ಯ ಬಂದ ಮರುವರ್ಷ, ಹೊಸ ಚಾಕುವನ್ನು ಮುಂಡರಗಿಯ ಬೀಗರಿಗೆ ತೋರಿಸಲು (ಕೊಡಲು ಅಲ್ಲ, ತೋರಿಸಲು!) ಮಾಮಾ ಹೊರಟ. ಆಗಷ್ಟೇ ಬಿ.ಎ. ಮುಗಿಸಿ ಚಸ್ಮಾ ಏರಿಸಿದ್ದ ನಾನೂ ಜೊತೆಗೆ. ಹೈದರಾಬಾದ್ ಸೀಮೆ ಸಮೀಪ, ಗಡಿಯಾಚೆಯಿಂದ ದಾಳಿಯಾಗುತ್ತಿದ್ದ ಗಲಾಟೆಯ ಕಾಲ, ಊರೂರಿಗೂ ಬಂದೂಕಿನ ಕಾವಲು. ಡಂಬಳ ದಾಟಿ ಬಸ್ಸು ಕೆಟ್ಟು ನಿಂತಿತು, ನಡೆದೆವು. ಅಷ್ಟರಲ್ಲಿ ಮಾಮಾನಿಗೆ ಸಂಶಯ: ತುದಿಯಲ್ಲಿ ಗೆರೆ ಉಳಿದಿದೆಯೇ? ಚಾಕುವನ್ನು ಬಿಸಿಲಿಗೆ ಹಿಡಿದು ಹೊರಳಿಸಿದ. ಗುಡ್ಡದ ತನಕ ಮಿಂಚು ಹೊಡೆಯಿತು.

ಗುಡ್ಡದಿಂದ ಇಬ್ಬರು ಕಾವಲಿನವರು ಓಡಿಬಂದರು. ಒಬ್ಬನ ಬಂದೂಕಿನ ನಳಿಗೆ ನೇರ ನನ್ನ ಎದೆಗೆ. ಈಗಲೂ ಕಣ್ಣು ಮುಚ್ಚಿದರೆ ಆ ಸಣ್ಣ ಕರಿ ತೂತು ಕಾಣುತ್ತದೆ.

"ಕನ್ನಡಿ ಹೊಳೆಸಿ ಯಾರಿಗೆ ಸನ್ನಿ ಮಾಡ್ತೀರಿ?"

"ಕನ್ನಡಿ ಅಲ್ರಿ, ಚಾಕು," ಎಂದ ಮಾಮಾ. ಎಂಥ ಸಮಾಧಾನ ನೋಡಿ!

ಇನ್ನೊಬ್ಬ ಅದನ್ನು ಕಸಿದು ನೋಡಿದ. ಅದರಲ್ಲೇ ಮೀಸೆ ತಿರುವಿಕೊಂಡು, "ಖರೇನ ಕನ್ನಡಿ ಐತಿ," ಎಂದ.

"ಇಷ್ಟು ಹೊಳಿಯೋ ಚಾಕು ಯಾವ ಮನ್ಯಾಗ ಇರತೈತಿ?" ಬಂದೂಕಿನವ ಗದರಿದ. "ಖರೆ ಹೇಳ್, ಇಲ್ಲಾ ಈ ಚಸ್ಮಾದವನ್ನ ಹೊಡಿತೀನಿ."

ಮಾಮಾ ಚಾಕು ಇಸಿದುಕೊಂಡ. ಹಾದಿಬದಿಯ ಬೆಣಚುಕಲ್ಲು ಎತ್ತಿ, ಆ ಹೊಳಪಿನ ಮೇಲೆ ಗರಗರ ತಿಕ್ಕತೊಡಗಿದ. ಒಂದು ಮೈ ಮುಗಿಯಿತು, ಹೊರಳಿಸಿ ಇನ್ನೊಂದು ಮೈ. ಚಾಕು ಬೂದಿಬಣ್ಣವಾಯಿತು.

"ಇನ್ನ ಇದರಾಗ ಸನ್ನಿ ಮಾಡಾಕ ಆಗಂಗಿಲ್ರಿ. ನೀವ ಇಟ್ಕೋರಿ. ಅಂವ ನಮ್ಮಕ್ಕನ ಮಗ, ಬಂದೂಕ ತೆಗೀರಿ."

"ಹುಚ್ಚ ಅದಾನ, ಬಿಡಲೇ," ಎಂದ ಮೀಸೆಯವ. ನಳಿಗೆ ಕೆಳಗಿಳಿಯಿತು.

ಬಹಳ ದೂರ ನಡೆದ ಮೇಲೆ, "ಮಾಮಾ, ಎರಡು ತಿಂಗಳ ಕೆಲಸ..." ಎಂದೆ.

"ಸುಮ್ನ ನಡಿ ಲೇ." ಮಾಮಾ ನನ್ನ ಮಣಿಕಟ್ಟು ಹಿಡಿದುಕೊಂಡ.

ಮುಂಡರಗಿ ಬರುವವರೆಗೂ ಬಿಡಲಿಲ್ಲ. ಬಿ.ಎ. ಆದ ಗಂಡಸು ನಾನು, ಬಿಡಿಸಿಕೊಳ್ಳಲೂ ಇಲ್ಲ.