ಭಾವಮೈದುನನನ್ನು ರೈಲು ಹತ್ತಿಸಿದ ಪ್ರಸಂಗ

ಆ ದಿನದ ಅನಾಹುತಕ್ಕೆಲ್ಲ ಮೂಲ ಒಂದು ಟ್ರಾನ್ಸ್‌ಫಾರ್ಮರ್. ಯಾವುದೋ ವಿದ್ಯುತ್ ಕೇಂದ್ರಕ್ಕೆ ಹೋಗಬೇಕಾಗಿದ್ದ ಅದು ಒಂದು ಮನೆಯಷ್ಟು ದೊಡ್ಡದು. ಅದನ್ನು ಹೊತ್ತ ವ್ಯಾಗನ್ನಿಗೆ ಚಕ್ರಗಳು ಎಷ್ಟೆಂದರೆ, ಎಣಿಸುವವರು ನಡುವೆ ನಿಂತು ನೀರು ಕುಡಿಯಬೇಕು. ಇಂಥ ಗಾಡಿ ಈ ದಿನ ಮಧ್ಯಾಹ್ನಕ್ಕೆ ಮುಂಚೆ, ಮನುಷ್ಯ ನಡೆಯುವ ವೇಗದಲ್ಲಿ, ಜಂಕ್ಷನ್ ದಾಟುತ್ತದೆ ಎಂಬ ಸುದ್ದಿ ಗುಮಾಸ್ತರ ಮೊಬೈಲಿಗೆ ಬಂದಾಗ ಅವರು ಹಲ್ಲುಜ್ಜುತ್ತಿದ್ದರು. ಆ ಸಂತೋಷದಲ್ಲಿ ಅರ್ಧ ಪೇಸ್ಟು ಹೊಟ್ಟೆಗೆ ಹೋಯಿತು.

ಲೋಕದಲ್ಲಿ ಕೆಲವರು ಕುಡಿಯುತ್ತಾರೆ, ಕೆಲವರು ಇಸ್ಪೀಟಾಡುತ್ತಾರೆ. ಅವರನ್ನು ತಿದ್ದಬಹುದು. ವಿಮಾ ಕಚೇರಿಯ ಈ ಗುಮಾಸ್ತರು ರೈಲುಗಳ ವಿಡಿಯೋ ತೆಗೆಯುತ್ತಿದ್ದರು. ಒಮ್ಮೆ ಅತ್ತೆಯನ್ನು ಕರೆತರಲು ಹೋದವರು, ಪಕ್ಕದ ಹಳಿಯಲ್ಲಿ ಹೊಸ ಎಂಜಿನ್ ಕಂಡು, ಆ ಮುದುಕಿಯನ್ನು ಅರ್ಧ ದಿನ ಬೆಂಚಿನ ಮೇಲೆ ಮರೆತುಬಿಟ್ಟಿದ್ದರು. ಅಂದು ಹೆಂಡತಿ, ಇನ್ನೊಮ್ಮೆ ರೈಲಿನ ಕಡೆ ಮೊಬೈಲು ಹಿಡಿದದ್ದು ತಿಳಿದರೆ ಅದನ್ನು ನೀರಿನ ತೊಟ್ಟಿಗೆ ಹಾಕುವುದಾಗಿ ಹೇಳಿದ್ದಳು. ಆಕೆ ಹೇಳಿದ್ದನ್ನು ಮಾಡದೆ ಬಿಟ್ಟ ಉದಾಹರಣೆ ಆ ಸಂಸಾರದಲ್ಲಿ ಇರಲಿಲ್ಲ.

ಆಗಿನಿಂದ ಗುಮಾಸ್ತರು ಪರೋಪಕಾರಿಯಾದರು. ಬೀದಿಯಲ್ಲಿ ಯಾರ ಮನೆಯ ನೆಂಟರು ಹೊರಟರೂ ಚೀಲ ಹೊತ್ತು ಸ್ಟೇಷನ್ನಿಗೆ ಹೋಗಿ ಹತ್ತಿಸಿ ಬರುವುದು, ಹಾಗೇ ಕಳ್ಳತನದಲ್ಲಿ ನಾಲ್ಕು ಗಾಡಿಗಳ ವಿಡಿಯೋ ತೆಗೆಯುವುದು. ಇಂಥ ಸೇವಾಮನೋಭಾವ ಈ ಕಾಲದಲ್ಲಿ ಎಲ್ಲಿದೆ ಎಂದು ಬೀದಿ ಕೊಂಡಾಡಿತು, ಹಿಂದಿನಿಂದ ‘ಹಸಿರು ಬಾವುಟ’ ಎಂದು ಹೆಸರಿಟ್ಟಿತು.

ಆದರೆ ಟ್ರಾನ್ಸ್‌ಫಾರ್ಮರ್ ಬರುವ ದಿನವೇ ಬೀದಿಯಲ್ಲಿ ಯಾರ ನೆಂಟರೂ ಹೊರಡುವ ಸೂಚನೆ ಇಲ್ಲ. ಉಳಿದದ್ದು ತಮ್ಮ ಮನೆಯದೇ ನೆಂಟ, ಹೆಂಡತಿಯ ತಮ್ಮ. ಎರಡು ದಿನಕ್ಕೆಂದು ಬಂದು ಮೂರನೆಯ ವಾರಕ್ಕೆ ಕಾಲಿಟ್ಟಿದ್ದ ಅವನಿಗೆ ಈ ಮನೆಯ ಆರಾಮ ಕುರ್ಚಿ ಎಷ್ಟು ಒಗ್ಗಿತ್ತೆಂದರೆ, ಕುರ್ಚಿ ಎಲ್ಲಿ ಮುಗಿಯಿತು ಅವನು ಎಲ್ಲಿ ಶುರುವಾದ ಎಂದು ಹೇಳುವುದು ಕಷ್ಟವಾಗಿತ್ತು. ಅವನನ್ನು ಸಾಗಹಾಕಿದರೆ ಕುರ್ಚಿಯೂ ಸಿಕ್ಕಿತು, ವಿಡಿಯೋವೂ ಸಿಕ್ಕಿತು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಗುಮಾಸ್ತರು ಮೊದಲು ಓಡಿಹೋಗಿ ಟಿಕೆಟ್ ತಂದರು. ಆಮೇಲೆ ಭಾವಮೈದುನನ ಹೆಂಡತಿಗೆ ಫೋನು ಮಾಡಿ, ಇವತ್ತು ಕಳಿಸುತ್ತಿದ್ದೇನೆ ತಾಯಿ, ಸ್ಟೇಷನ್ನಿಗೆ ಬಂದು ಹಿಡಿದುಕೋ ಎಂದರು. ಕೊನೆಗೆ ಕುರ್ಚಿಯ ಬಳಿ ಬಂದರು.

“ಇವತ್ತು ಹೊರಡಬೇಕಪ್ಪ. ನಿನ್ನ ಹೆಂಡತಿ ಪಾಪ, ಒಬ್ಬಳೇ ಇದಾಳೆ.”

“ಅವಳಿಗೆ ಅಭ್ಯಾಸ ಆಗಿದೆ ಭಾವ,” ಎಂದ ಅವನು ಕಣ್ಣು ತೆರೆಯದೆ.

“ಟಿಕೆಟ್ ತಂದಾಗಿದೆ.”

ಅವನು ಒಂದು ಕಣ್ಣು ತೆರೆದ. ಟಿಕೆಟ್ಟು ಎಂಥ ಗಾಡಿಯದೆಂದು ಅವನಿಗೆ ಗೊತ್ತಿರಲಿಲ್ಲ. ಜಂಕ್ಷನ್ ಬಿಟ್ಟರೆ ಅವನ ಊರಿನವರೆಗೆ ಎಲ್ಲಿಯೂ ನಿಲ್ಲದ ಗಾಡಿಯನ್ನೇ ಗುಮಾಸ್ತರು ಹುಡುಕಿ ಆರಿಸಿದ್ದರು. ನಡುದಾರಿಯಲ್ಲಿ ಇಳಿದು ವಾಪಸು ಬರುವ ಆಸಾಮಿ ಅವನು ಎಂಬುದು ಅನುಭವದಿಂದ ತಿಳಿದ ವಿಷಯ.

ಹೊರಡುವ ಸುದ್ದಿ ಬೀದಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎದುರುಮನೆಯ ನಿವೃತ್ತ ಮೇಷ್ಟ್ರು ತಾವೂ ಬರುವುದಾಗಿ ಚಪ್ಪಲಿ ಮೆಟ್ಟಿ ನಿಂತರು. ಮೂಲೆಮನೆಯ ದರ್ಜಿ, ಆ ಊರಲ್ಲಿರುವ ತನ್ನ ಷಡ್ಡಕನಿಗೆ ಮುಟ್ಟಿಸಬೇಕಾದ ಕೋಟನ್ನು ಹಿಡಿದು ಬಂದ. ಅದಕ್ಕೆ ಇನ್ನೂ ಒಂದು ತೋಳು ಬಾಕಿ ಇತ್ತು. ದಾರಿಯುದ್ದಕ್ಕೂ ಹೊಲಿದು ಮುಗಿಸುತ್ತೇನೆ, ಯೋಚನೆ ಬೇಡ ಎಂದು ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಭರವಸೆ ಕೊಟ್ಟ. ಹೆಂಡತಿ ಬಾಗಿಲಲ್ಲಿ ನಿಂತು ತಮ್ಮನಿಗಾಗಿ ಕಣ್ಣೊರೆಸಿಕೊಂಡಳು.

ದರ್ಜಿಯ ಚಿಂತೆ ಗುಮಾಸ್ತರಿಗಿರಲಿಲ್ಲ. ಚಿಂತೆ ಮೇಷ್ಟ್ರದು. ಮೇಷ್ಟ್ರು ಹಗಲಲ್ಲಿ ಕಂಡದ್ದು ಸಂಜೆಯೊಳಗೆ ಗುಮಾಸ್ತರ ಹೆಂಡತಿಗೆ ವ್ಯಾಖ್ಯಾನ ಸಹಿತ ತಲುಪುತ್ತಿತ್ತು. ಅವರ ಕಣ್ಣೆದುರು ಮೊಬೈಲು ತೆಗೆಯುವುದೂ ಒಂದೇ, ತಾವೇ ಅದನ್ನು ತೊಟ್ಟಿಗೆ ಹಾಕುವುದೂ ಒಂದೇ.

ಪ್ಲಾಟ್‌ಫಾರ್ಮಿನಲ್ಲಿ ಗಾಡಿ ನಿಂತಿತ್ತು. ಗುಮಾಸ್ತರು ಭಾವಮೈದುನನ ಚೀಲಗಳನ್ನು ಒಳಗೆ ಜೋಡಿಸಿ, ಬೋಗಿಯ ಆಚೆ ಬದಿಯ ಬಾಗಿಲು ತೆರೆದು ನೋಡಿದರು. ಅದರ ಎದುರಿಗೇ ನಡುವಿನ ಹಳಿ. ಟ್ರಾನ್ಸ್‌ಫಾರ್ಮರ್ ಬರುವುದು ಅಲ್ಲೇ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ. ಮೇಷ್ಟ್ರಿಗೆ ಇದು ಕಾಣುವಂತಿಲ್ಲ. ತಮ್ಮ ಬುದ್ಧಿಗೆ ತಾವೇ ಮೆಚ್ಚಿದ ಗುಮಾಸ್ತರು ಒಳಗೆ ಕೂರಲು ಬಂದ ಭಾವಮೈದುನನ ಭುಜ ಹಿಡಿದು ತಿರುಗಿಸಿ ಕೆಳಗಿಳಿಸಿದರು.

“ನೀನು ಸ್ವಲ್ಪ ಹೊತ್ತು ಕೆಳಗಿರು. ಮೇಷ್ಟ್ರನ್ನ ಮಾತಾಡಿಸ್ತಿರು, ಒಳಗೆ ಮಾತ್ರ ಬಿಡಬೇಡ.”

“ಗಾಡಿ ಹೊರಟುಬಿಟ್ರೆ ಭಾವ?”

“ದೊಡ್ಡ ಗಾಡಿ ಪಕ್ಕದ ಹಳಿ ದಾಟೋವರೆಗೂ ಈ ಜಂಕ್ಷನ್ನಲ್ಲಿ ಒಂದು ಗಾಲಿ ಕೂಡ ಅಲುಗಾಡಲ್ಲ. ರೈಲಿನ ವಿಷಯ ನನಗೆ ಹೇಳಿಕೊಡ್ತೀಯಾ ನೀನು?”

ಅವನು ಹೇಳಿಕೊಡಲಿಲ್ಲ. ಕೆಳಗೆ ನಿಂತು, ದರ್ಜಿ ಹೊಲಿಯುತ್ತಿದ್ದ ಕೋಟನ್ನು ಹಿಡಿದುಕೊಂಡು, ಮಿತವ್ಯಯದ ಬಗ್ಗೆ ಮೇಷ್ಟ್ರ ಉಪದೇಶ ಕೇಳತೊಡಗಿದ.

ಅಷ್ಟರಲ್ಲಿ ಅದು ಬಂತು. ಮುಂದೆ ಎರಡು ಎಂಜಿನ್, ಹಿಂದೆ ಆ ಮಹಾಕಾಯ. ಗುಮಾಸ್ತರು ಬಾಗಿಲ ಕಂಬಿಗೆ ಒರಗಿ, ಉಸಿರು ಬಿಗಿಹಿಡಿದು ಮೊಬೈಲು ಹಿಡಿದರು. ಎಂಜಿನ್ನುಗಳು ದಾಟಿದವು, ಮೊದಲ ಸಾಲಿನ ಚಕ್ರಗಳು ಚೌಕಟ್ಟಿನೊಳಗೆ ಬಂದವು, ಬಂದು ಅಲ್ಲೇ ನಿಂತವು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವುದೇ ಎಂದು ಗುಮಾಸ್ತರು ದೇವರುಗಳನ್ನೆಲ್ಲ ನೆನೆದರು. ನಿಲ್ಲಲಿ, ಆದರೆ ಪೂರ್ತಿ ದಾಟಿ ನಿಲ್ಲಲಿ ಎಂದು ಬೇಡಿಕೊಂಡರು.

ದೇವರು ಕೇಳಿಸಿಕೊಂಡ. ಚಕ್ರಗಳು ಮತ್ತೆ ಮೆಲ್ಲಗೆ ಸರಿಯತೊಡಗಿದವು. ಒಂದು ಕುಲುಕಿಲ್ಲ, ಒಂದು ಸದ್ದಿಲ್ಲ, ನೀರಿನ ಮೇಲೆ ದೋಣಿ ಜಾರಿದಂತೆ. ಇಷ್ಟು ಭಾರವನ್ನು ಇಷ್ಟು ನಯವಾಗಿ ಹೊರಡಿಸಿದ ಆ ಚಾಲಕನನ್ನು ಗುಮಾಸ್ತರು ಮನಸ್ಸಿನಲ್ಲೇ ಹೊಗಳಿದರು. ಟ್ರಾನ್ಸ್‌ಫಾರ್ಮರ್ ಇಂಚಿಂಚಾಗಿ ಚೌಕಟ್ಟು ತುಂಬಿತು, ಇಂಚಿಂಚಾಗಿ ದಾಟಿತು. ಗುಮಾಸ್ತರ ಕಣ್ಣಲ್ಲಿ ನೀರೇ ಬಂತು. ಮದುವೆಯ ದಿನವೂ ಅವರು ಇಷ್ಟು ಗದ್ಗದಿತರಾಗಿರಲಿಲ್ಲ.

ಕೊನೆಯ ಚಕ್ರವೂ ಚೌಕಟ್ಟಿನಿಂದಾಚೆ ಹೋಯಿತು. ಅದರ ಹಿಂದೆ ನೀರಿನ ಟ್ಯಾಂಕು ಬಂತು. ಅದೂ ಹೋಯಿತು. ಸಿಗ್ನಲ್ ಕಂಬ ಬಂತು, ಗೇಟಿನಲ್ಲಿ ಸೈಕಲ್ ಹಿಡಿದು ನಿಂತವರು ಬಂದರು, ಅವರೂ ಹೋದರು. ನೀರಿನ ಟ್ಯಾಂಕಿಗೂ ಸಿಗ್ನಲ್ಲಿಗೂ ಚಕ್ರಗಳಿರುವುದಿಲ್ಲ ಎಂಬುದು ರೈಲಿನ ವಿಷಯ ಬಲ್ಲ ಗುಮಾಸ್ತರಿಗೆ ಹೊಳೆಯುವಷ್ಟರಲ್ಲಿ ತಾವಿದ್ದ ಗಾಡಿ ವೇಗ ಹಿಡಿದಿತ್ತು. ದೊಡ್ಡ ಗಾಡಿ ನಿಂತಲ್ಲೇ ನಿಂತಿತ್ತು. ಕಿಟಕಿಯ ಪಕ್ಕ ಕೂತ ಮಗುವೂ ಒಮ್ಮೆ ಮೋಸಹೋಗಿ ಎರಡನೆಯ ಸಲ ನಗುವಂಥ ಭ್ರಮೆಗೆ, ನೂರಾರು ರೈಲುಗಳನ್ನು ಸೆರೆಹಿಡಿದ ಮಹಾನುಭಾವರು ಬಿದ್ದಿದ್ದರು.

ಇಳಿಯುವಂತಿಲ್ಲ. ಗಾಡಿ ಎಲ್ಲಿಯೂ ನಿಲ್ಲದಂತೆ ಅವರೇ ನೋಡಿಕೊಂಡಿದ್ದರಲ್ಲ. ಟಿಕೆಟ್ ತನಿಖೆಯವನು ಬಂದಾಗ ಜೇಬಿನಲ್ಲಿ ಟಿಕೆಟ್ಟೂ ಇತ್ತು. ಅವನು ಶುಭಪ್ರಯಾಣ ಹೇಳಿ ಮುಂದೆ ಹೋದ.

ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನು. ಗುಮಾಸ್ತರು ತೊಟ್ಟಿಯನ್ನು ನೆನೆಯುತ್ತ ಎತ್ತಿದರು. ಆಕೆಯ ದನಿ ಮಾತ್ರ ಬೆಣ್ಣೆಯಂತಿತ್ತು.

“ತಮ್ಮ ಎಲ್ಲಾ ಹೇಳ್ದ. ನಿಮ್ಮಲ್ಲಿ ಇಷ್ಟು ಕರುಣೆ ಇದೆ ಅಂತ ನನಗೇ ಗೊತ್ತಿರ್ಲಿಲ್ಲ ನೋಡಿ.”

ಅವನು ಹೇಳಿದ್ದೇನೆಂದು ನಿಧಾನವಾಗಿ ತಿಳಿಯಿತು. ಅಲ್ಲಿ ಅವನ ಮನೆಗೆ ಬಣ್ಣ ಹೊಡೆಯುವ ಕೆಲಸ ಕಾದಿತ್ತಂತೆ. ಅದಕ್ಕೆ ಹೆದರಿಯೇ ಇಲ್ಲಿ ಕುಳಿತಿದ್ದನಂತೆ, ಪಾಪ, ಬಣ್ಣದ ವಾಸನೆ ಅವನಿಗೆ ಆಗುವುದಿಲ್ಲ. ಇದನ್ನು ತಿಳಿದ ಭಾವ, ಅವನನ್ನು ಭುಜ ಹಿಡಿದು ಇಳಿಸಿ, ತಾವೇ ಬಣ್ಣ ಹೊಡೆದು ಬರುವುದಾಗಿ ಹೊರಟರಂತೆ.

“ಮೇಷ್ಟ್ರೂ ಕಣ್ಣಾರೆ ನೋಡಿದಾರೆ, ನೀವು ಅವನನ್ನ ಇಳಿಸಿದ್ದು. ಹೌದು ತಾನೆ? ಇಲ್ಲ ಅಂದ್ರೆ ಮತ್ತೆ ನೀವು ರೈಲೊಳಗೆ ಏನ್ ಮಾಡ್ತಿದ್ರಿ?”

ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಗುಮಾಸ್ತರು ನುಂಗಿದರು. ಹೌದು, ಅವನಿಗೆ ಬಣ್ಣದ ವಾಸನೆ ಆಗುವುದಿಲ್ಲವಲ್ಲ ಎಂದರು. ಅವರು ಬರುವವರೆಗೂ ಮನೆಗೆ ಗಂಡು ದಿಕ್ಕಾಗಿ ಅವನು ಇಲ್ಲೇ ಇರುತ್ತಾನಂತೆ ಎಂದು ಹೇಳಿ ಆಕೆ ಫೋನಿಟ್ಟಳು. ಆರಾಮ ಕುರ್ಚಿ ಕಿರುಗುಟ್ಟಿದ ಸದ್ದು ಫೋನಿನಲ್ಲೇ ಕೇಳಿಸಿತು.

ಆದರೂ ವಿಡಿಯೋ ಇತ್ತು. ಗುಮಾಸ್ತರು ಅದನ್ನು ದಾರಿಯುದ್ದಕ್ಕೂ ಮತ್ತೆ ಮತ್ತೆ ನೋಡಿದರು. ನೀರಿನ ಟ್ಯಾಂಕಿನಿಂದ ಮುಂದಿನದನ್ನು ಕತ್ತರಿಸಿಬಿಟ್ಟರೆ ಯಾವ ಗಾಡಿ ಚಲಿಸಿದ್ದೆಂದು ಬ್ರಹ್ಮನಿಗೂ ತಿಳಿಯದು. ಬೇರೆ ಹೆಸರಿನಲ್ಲಿ ಇಂಟರ್ನೆಟ್ಟಿಗೆ ಹಾಕಿದರಾಯಿತು, ರೈಲು ಹುಚ್ಚರೆಲ್ಲ ಬಾಯಿಬಿಟ್ಟು ನೋಡುತ್ತಾರೆ. ಇಂಥದ್ದೊಂದಕ್ಕೆ ನಾಲ್ಕು ಗೋಡೆಗೆ ಬಣ್ಣ ಬಳಿದರೆ ಕೈ ಸವೆಯುವುದಿಲ್ಲ ಎಂದುಕೊಂಡರು.

ಭಾವಮೈದುನನ ಹೆಂಡತಿ ಸ್ಟೇಷನ್ನಿನಲ್ಲಿ ಕಾದಿದ್ದಳು. ಗಂಡನ ಬದಲು ಇವರು ಇಳಿದದ್ದು ಕಂಡು ಆಕೆಗೆ ಅಷ್ಟೇನೂ ದುಃಖವಾದಂತೆ ಕಾಣಲಿಲ್ಲ. ಸಂಜೆಯೊಳಗೆ ಗುಮಾಸ್ತರು ಹಳೆಯ ಪಂಚೆಯುಟ್ಟು, ತಲೆಗೆ ಟವೆಲು ಸುತ್ತಿ ಏಣಿಯ ಮೇಲಿದ್ದರು. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಹಸಿರು ಬಣ್ಣದ ಡಬ್ಬ. ಅತ್ತಿಗೆಗೆ ತೋರಿಸಲು ಒಂದು ಫೋಟೋ ತೆಗೆಯುತ್ತೇನೆ, ನಿಮ್ಮ ಮೊಬೈಲಿನಲ್ಲಿ ಚೆನ್ನಾಗಿ ಬರುತ್ತದಂತೆ ಎಂದು ಆಕೆ ಅದನ್ನು ಕೇಳಿ ಪಡೆದಳು. ಕೆಳಗೆ ನಿಂತು ಬಹಳ ಹೊತ್ತು ಏನೇನೋ ಒತ್ತಿದಳು.

“ಜಾಗ ಇಲ್ಲ, ಜಾಗ ಇಲ್ಲ ಅಂತಿತ್ತು ಅಣ್ಣ. ಯಾವುದೋ ನಿಂತಿರೋ ಗೂಡ್ಸ್ ಗಾಡಿ ವಿಡಿಯೋ ಇತ್ತು, ಪೂರ್ತಿ ಅಳಿಸಿಬಿಟ್ಟೆ. ಈಗ ಆಯ್ತು. ಸ್ವಲ್ಪ ಈ ಕಡೆ ತಿರುಗಿ, ನಗಿ.”