ಬಾಮೈದನ ಹುಂಜ

ಎಲ್ಲ ಶುರುವಾದದ್ದು ಒಂದು ಹಿಡಿ ಕಡಲೆಬೀಜದಿಂದ. ಶನಿವಾರ ಬೆಳಿಗ್ಗೆ ನಮ್ಮ ಓಣಿಯ ಲುಬ್ವಾಮ ಜಗುಲಿ ಮೇಲೆ ಕೂತು ಚಾ ಕುಡಿಯುತ್ತಿದ್ದ. ಕುಡಿದು ಸುಮ್ಮನೆ ಎದ್ದು ಹೋಗಬಾರದಿತ್ತೇ? ಅಷ್ಟರಲ್ಲಿ ಅವನಿಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮನೆಯೊಡತಿ ನಕಿಬೂಕ ಹುರಿದ ಬೀಜದ ತಟ್ಟೆ ಹಿಡಿದು ಬಂದಳು.

"ಅಲ್ಲಪ್ಪಾ, ಕಾಲೇಜಲ್ಲಿ ಅದೇನು ಕೆಲಸ ನಿಂದು? ಇವತ್ತು ಹೆಣ್ಣಿನ ಕಡೆಯವರು ಕೇಳಿದ್ರೆ ಏನಂತ ಹೇಳ್ತೀಯ?"

"ಕೋಳಿಗೆ ಜ್ವರ ಹೇಗೆ ಹರಡುತ್ತೆ ಅಂತ ಲೆಕ್ಕ ಹಾಕ್ತೀನಿ, ಅಮ್ಮಾ."

"ಒಂದು ಕೋಳೀನೂ ಸಾಕಿಲ್ವಲ್ಲೋ ನೀನು."

"ಕಂಪ್ಯೂಟರಲ್ಲೇ ಸಾಕ್ತೀನಿ, ಅಲ್ಲೇ ಸಾಯಿಸ್ತೀನಿ."

ನಕಿಬೂಕಳಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸದೆ ಬಿಡುವ ಜಾಯಮಾನ ಅವನದಲ್ಲ. ತಟ್ಟೆಯಿಂದ ಬೀಜ ತೆಗೆದು ಜಗುಲಿ ಮೇಲೆ ಸಾಲಾಗಿ ಜೋಡಿಸಿದ. "ಇದು ನಮ್ಮ ಓಣಿ. ಈ ಒಂದು ಕೋಳಿಗೆ ಜ್ವರ ಬಂದ್ರೆ ಅದು ಎರಡಕ್ಕೆ ಹಚ್ಚುತ್ತೆ, ಆ ಎರಡು ನಾಲ್ಕಕ್ಕೆ. ಹನ್ನೆರಡೇ ದಿನ ನೋಡಿ. ಆಮೇಲೆ ಓಣೀಲಿ ಕೂಗೋದಕ್ಕೆ ಒಂದು ಹುಂಜಾನೂ ಇರೋದಿಲ್ಲ." ಹೀಗೆಂದು ಇಡೀ ಓಣಿಯನ್ನು ಬಾಯಿಗೆ ಹಾಕಿಕೊಂಡು, ಕ್ಷೌರಕ್ಕೂ ಬಿಳಿ ನಿಲುವಂಗಿಯ ಇಸ್ತ್ರಿಗೂ ಹೊರಟುಹೋದ.

ಆವತ್ತು ಅವನ ಒಪ್ಪಿಗೆ ಶಾಸ್ತ್ರ. ಮೂರು ಗಂಟೆಗೆ ಹುಡುಗಿ ನಾಂಟೊಂಗೊಳ ಮನೆಗೆ ಹೋಗಿ ಅವಳ ತಮ್ಮನ ಕೈಗೆ ಜೀವಂತ ಹುಂಜ ಇಡಬೇಕು. ಬಟ್ಟೆ, ಸಕ್ಕರೆ, ಬುಟ್ಟಿಗಟ್ಟಲೆ ಬಾಳೆ ಏನೇ ಹೊತ್ತೊಯ್ದರೂ ಹುಂಜ ಇಲ್ಲದೆ ಹೆಣ್ಣಿಲ್ಲ. ಆ ಹುಡುಗಿಗಾಗಿ ಮೂರು ವರ್ಷ ಕಾದಿದ್ದ, ಪಾಪ. ಅವನ ಚಿಕ್ಕಪ್ಪ ಹಿಂದಿನ ದಿನವೇ ಕೆಂಪು ಹುಂಜವೊಂದನ್ನು ತಂದು ಹಿತ್ತಲಿನ ಹಲಸಿನ ಮರಕ್ಕೆ ಕಟ್ಟಿ ಹೋಗಿದ್ದ.

ಹನ್ನೆರಡಕ್ಕೆ ಲುಬ್ವಾಮ ವಾಪಸು ಬಂದಾಗ ಓಣಿ ತುಂಬ ಘಮಘಮ. ಒಂದೊಂದು ಮನೆಯಲ್ಲೂ ಬಾಳೆ ಎಲೆ ಸುತ್ತಿ ಕೋಳಿ ಬೇಯಿಸುತ್ತಿದ್ದಾರೆ. ಇದೆಲ್ಲ ತನ್ನ ಮದುವೆಯ ಸಂಭ್ರಮಕ್ಕೇ ಅಂದುಕೊಂಡ. ಎಷ್ಟು ಒಳ್ಳೆಯ ಜನ ಅಂತ ಪ್ರತಿ ಬಾಗಿಲಿಗೂ ಕೈ ಮುಗಿಯುತ್ತ ಬಂದ. ಹಿತ್ತಲಿಗೆ ಹೋಗಿ ನೋಡಿದರೆ ಹಲಸಿನ ಮರಕ್ಕೆ ಹಗ್ಗ ಮಾತ್ರ ಇತ್ತು.

"ಅಮ್ಮಾ, ನನ್ನ ಹುಂಜ?"

"ಕೂತ್ಕೋ, ಬಡಿಸ್ತೀನಿ," ಅಂದಳು ನಕಿಬೂಕ. "ಓಣಿಗೆಲ್ಲ ಜ್ವರ ಬಂದಿದೆಯಂತೆ. ಸತ್ತ ಮೇಲೆ ತಿನ್ನೋಕಾಗುತ್ತಾ? ಎಲ್ಲರೂ ಕೊಯ್ದುಬಿಟ್ಟರು."

"ಜ್ವರ ಬಂದಿದೆ ಅಂತ ಯಾರು ಹೇಳಿದ್ದು?"

"ನೀನೇ. ನಾನು ಪಕ್ಕದವಳಿಗೆ ಹೇಳಿದೆ, ಅವಳು ಇಬ್ಬರಿಗೆ ಹೇಳಿದಳು. ರೋಗದ ಹುಂಜ ಹಿಡ್ಕೊಂಡು ಬೀಗರ ಮನೆಗೆ ಹೋಗ್ತಾರಾ ಯಾರಾದ್ರೂ? ನಿನ್ನ ಮಾನ ಉಳಿಸಿದೀನಿ. ಕಾಲು ಬೇಕೋ, ಎದೆ ಬೇಕೋ?"

ಲುಬ್ವಾಮ ಮನೆಮನೆಗೆ ಓಡಿದ. ಹೋದಲ್ಲೆಲ್ಲ ಉಪಚಾರ, ಕೈಗೆ ಒಂದು ತಟ್ಟೆ. ಮಾರುಕಟ್ಟೆಗೆ ಓಡಿದ. ಸುದ್ದಿ ಅವನಿಗಿಂತ ಮುಂಚೆ ಹೋಗಿ ಗೂಡುಗಳನ್ನೆಲ್ಲ ಖಾಲಿ ಮಾಡಿತ್ತು. ಕೊನೆಗೆ ಜಗುಲಿ ಮೇಲೆ ಕುಸಿದು ಕೂತು, ಓದಿದವನಲ್ಲವೇ, ಕಾಗದ ತೆಗೆದು ಲೆಕ್ಕಕ್ಕೆ ಇಳಿದ. ಸುದ್ದಿಯೂ ಜ್ವರದ ಹಾಗೇ. ಯಾರು ಯಾರ ಹತ್ತಿರ ಮಾತಾಡುತ್ತಾರೆ ಅಂತ ಮನೆಯಿಂದ ಮನೆಗೆ ಗೆರೆ ಎಳೆಯುತ್ತ ಹೋದ. ಕೊನೆಗೆ ಒಂದೇ ಒಂದು ಮನೆಗೆ ಯಾವ ಗೆರೆಯೂ ಮುಟ್ಟಲಿಲ್ಲ. ಅದು ಮುದುಕ ಕಿವಾಲಬ್ಯೆಯ ಮನೆ. ಬೇಲಿಯ ಜಗಳದಲ್ಲಿ ಇಡೀ ಓಣಿಯ ಜೊತೆ ಮಾತು ಬಿಟ್ಟು ಏಳು ವರ್ಷ ಆಗಿತ್ತು.

ಲೆಕ್ಕ ಸುಳ್ಳಾಗಲಿಲ್ಲ. ಮುದುಕನ ಅಂಗಳದಲ್ಲಿ ಕಪ್ಪು ಹುಂಜವೊಂದು ಏನೂ ಗೊತ್ತಿಲ್ಲದೆ ಮಣ್ಣು ಕೆದರುತ್ತಿತ್ತು.

"ಓಣಿ ತುಂಬ ಕೋಳಿ ಇರುವಾಗ ನನ್ನ ಬಾಗಿಲಿಗೆ ಯಾಕೆ ಬಂದೆ?" ಅಂದ ಕಿವಾಲಬ್ಯೆ.

ಇಂಥ ಹೊತ್ತಲ್ಲಿ ಒಂದು ಸುಳ್ಳು ಹೇಳೋದು ಯಾವ ಮಹಾ ಕಷ್ಟ? ಲುಬ್ವಾಮನಿಗೆ ಅದೂ ಬಾರದು. ಕಡಲೆಬೀಜದಿಂದ ಹಿಡಿದು ಹಗ್ಗದವರೆಗೆ ಎಲ್ಲವನ್ನೂ, ಹನ್ನೆರಡು ದಿನದ ಲೆಕ್ಕದ ಸಮೇತ, ಒಪ್ಪಿಸಿಬಿಟ್ಟ. ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಿಡ್ಕೊಂಡು ಹೋಗು. ದುಡ್ಡು ಗಿಡ್ಡು ಬೇಡ, ಮದುವೆ ಊಟಕ್ಕೆ ಕರಿ. ಏಳು ವರ್ಷ ಆಯ್ತು, ನನ್ನನ್ನ ಯಾರೂ ಊಟಕ್ಕೆ ಕರೆದಿಲ್ಲ." ಅಷ್ಟರಲ್ಲಿ ಮುದುಕನ ಜೇಬಿನ ಫೋನು ಹೊಡೆದುಕೊಂಡಿತು. "ನನ್ನ ಮಗಳು. ಉಂಡೆಯಾ ಅಂತ ದಿನಾ ಕೇಳ್ತಾಳೆ. ನೀನು ಹೊರಡು, ಹೊತ್ತಾಯ್ತು."

ಚಿಕ್ಕಪ್ಪನ ವ್ಯಾನು ಏರಿ ಮೂರಕ್ಕೆ ಸರಿಯಾಗಿ ಹೆಣ್ಣಿನ ಊರಾದ ನಕಿಫುಮಾ ಹಳ್ಳಿ ಮುಟ್ಟಿದರು. ಉಡುಗೊರೆಗಳೆಲ್ಲ ಒಳಗೆ ಹೋದವು. ನಾಂಟೊಂಗೊ ಕಿಟಕಿಯಿಂದ ಇಣುಕಿ ಕಣ್ಣು ಮಿಟುಕಿಸಿದಳು. ಲುಬ್ವಾಮ ಎರಡೂ ಕೈಯಲ್ಲಿ ಹುಂಜ ಹಿಡಿದು ಮಂಡಿಯೂರಿದ. ಹುಂಜವೂ ತಕ್ಕ ಹೊತ್ತಿಗೆ ಕೂಗಿ ಮರ್ಯಾದೆ ಉಳಿಸಿತು.

ಬಾಮೈದ ಸೆಂಪಾಲ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ.

"ಭಾವ, ಇದು ನಿಮ್ಮ ಓಣೀದಾ?"

"ಹೌದಪ್ಪ."

"ಕಪ್ಪು ಹುಂಜ. ಕಿವಾಲಬ್ಯೆ ಅಜ್ಜಂದು. ಅವರ ಮಗಳು ನಮ್ಮ ಪಕ್ಕದ ಮನೆ ಸೊಸೆ. ಎರಡು ಗಂಟೆಗೇ ಬಂದು ಎಲ್ಲ ಹೇಳಿದಳು."

ಎಲ್ಲ ಮನೆಗೂ ಗೆರೆ ಎಳೆದಿದ್ದ ಲುಬ್ವಾಮ ತನ್ನಿಂದ ಒಂದು ಗೆರೆ ಎಳೆಯುವುದನ್ನು ಮರೆತಿದ್ದ. ಸುದ್ದಿ ಮುಟ್ಟದಿದ್ದ ಒಂದೇ ಮನೆಗೆ ತಾನೇ ನಡೆದು ಹೋಗಿ ಹಚ್ಚಿ ಬಂದಿದ್ದ.

"ಜ್ವರ ಇಲ್ಲಪ್ಪಾ, ಅದು ಬರೀ ಲೆಕ್ಕ," ಅಂದ.

"ಲೆಕ್ಕ ಅಂದ ಮೇಲೆ ಸುಳ್ಳಾಗುತ್ತಾ ಭಾವ? ನಮ್ಮನೇಲಿ ನಲವತ್ತು ಕೋಳಿ ಇದಾವೆ." ಸೆಂಪಾಲ ಒಂದು ಕೆಂಪು ದಾರ ತಂದು, ದೂರದಿಂದಲೇ ಚಿಕ್ಕಪ್ಪನ ಕೈಲಿ ಹುಂಜದ ಕಾಲಿಗೆ ಕಟ್ಟಿಸಿದ. "ಬದಲಿ ತಂದ್ರೆ ಗೊತ್ತಾಗಬೇಕಲ್ಲ. ಹನ್ನೆರಡು ದಿನ ಅಂದಿದ್ದು ನೀವೇ. ಹದಿಮೂರನೇ ದಿನ ಇದೇ ಹುಂಜ ಕೂಗುತ್ತಾ ಬಂದ್ರೆ ಅಕ್ಕನ್ನ ಕರ್ಕೊಂಡು ಹೋಗಿ. ಈಗ ಊಟಕ್ಕೇಳಿ."

ಹಿರಿಯರೆಲ್ಲ ಹುಡುಗ ಜಾಣ ಅಂತ ತಲೆದೂಗಿದರು. ಊಟ ಮಾತ್ರ ಭರ್ಜರಿಯಾಗಿತ್ತು, ಕೋಳಿಯೊಂದು ಬಿಟ್ಟು. ಹೊರಡುವಾಗ ನಾಂಟೊಂಗೊ ಬಾಗಿಲಲ್ಲಿ ನಿಂತು, "ಮೂರು ವರ್ಷ ಕಾದವಳಿಗೆ ಹನ್ನೆರಡು ದಿನ ಯಾವ ಲೆಕ್ಕ? ಹುಂಜಕ್ಕೆ ಹೊತ್ತುಹೊತ್ತಿಗೆ ಕಾಳು ಹಾಕು," ಅಂತ ನಕ್ಕಳು. ಅವಳ ನಗು ನೋಡಿ ಅವನಿಗೂ ಅರ್ಧ ಸಮಾಧಾನವಾಯಿತು.

ಸಂಜೆ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಓಣಿಗೆ ಬಂದಾಗ, ಹೊಟ್ಟೆ ತುಂಬ ಉಂಡ ನಕಿಬೂಕ ಜಗುಲಿ ಮೇಲೆ ಕಾಲು ಚಾಚಿ ಕೂತಿದ್ದಳು.

"ನಿನ್ನ ವಿದ್ಯೆ ದೊಡ್ಡದಪ್ಪಾ. ಒಂದೂ ಉಳಿಯೋದಿಲ್ಲ ಅಂದೆ, ಹಾಗೇ ಆಯ್ತು ನೋಡು. ನೀನು ಹನ್ನೆರಡು ದಿನ ಅಂದಿದ್ದನ್ನ ನಾವು ಒಂದೇ ದಿನದಲ್ಲಿ ಮುಗಿಸಿದ್ವಿ." ಅಷ್ಟರಲ್ಲಿ ಅವಳ ಕಣ್ಣು ಅವನ ಕಂಕುಳಿಗೆ ಬಿತ್ತು. "ಅಯ್ಯೋ ಪಾಪ, ಇದೊಂದು ಉಳಿದುಬಿಟ್ಟಿತಾ? ಕೊಡು ಇಲ್ಲಿ, ಒಲೆ ಇನ್ನೂ ಆರಿಲ್ಲ."

ಲುಬ್ವಾಮ ಹುಂಜದ ಸಮೇತ ಒಳಗೆ ಹೋಗಿ ಅಗುಳಿ ಹಾಕಿಕೊಂಡ. ಹಾಸಿಗೆಯ ಒಂದು ಮಗ್ಗುಲನ್ನು ಹುಂಜಕ್ಕೆ ಬಿಟ್ಟುಕೊಟ್ಟು, ಗೋಡೆಯ ಮೇಲೆ ಮೊದಲನೇ ದಿನದ ಗೆರೆ ಎಳೆದ.